ಕಚ್ಚಿಟ್ಟು ಹೋದ ರೊಟ್ಟಿ

ಖಿಚಡಿಯ ಹಬೆ, ಬೆಂದ ಹೆಸರುಕಾಳಿನ ವಾಸನೆ, ಮೇಲೆ ಹುರಿದ ಈರುಳ್ಳಿ, ಸಾನೊಬಾರ್ ಇವತ್ತೂ ಎಣ್ಣೆ ಸುರಿದಿದ್ದಾಳೆ, ತಮ್ಮನ ಹೆಂಡತಿಯ ಕೈ ಧಾರಾಳ, ಪಕ್ಕದಲ್ಲಿ ಹಿಸುಕಿದ ಆಲೂಗಡ್ಡೆ, ಅದರ ಪಕ್ಕ ನಿನ್ನೆಯ ಪಲಾವು, ನಡುವೆ ಬಟ್ಟೆಯಲ್ಲಿ ಸುತ್ತಿದ ದಪ್ಪನೆಯ ಬಿಸಿ ರೊಟ್ಟಿ, ಇಷ್ಟೆಲ್ಲ ಹರಡಿದ ಎದುರು ಮುಹಯ್ಯೋ ಒಂದು ಚಹದ ಬಟ್ಟಲು ಹಿಡಿದು ಕುಳಿತಿದ್ದಾಳೆ, ಈಗ ಅವಳ ಊಟವೆಂದರೆ ಎರಡು ಚಮಚ, ಎರಡೇ, ಅದೂ ಮೊದಲು ಮೊಸರು, ಆಮೇಲೆ ಮಾಂಸದ ಚೂರು, ಆಮೇಲೆ ಜಾಗ ಉಳಿದರೆ ಖಿಚಡಿಯೋ ಆಲೂಗಡ್ಡೆಯೋ, ಎರಡೂ ಅಲ್ಲ, ಯಾವುದಾದರೂ ಒಂದು — ತಾಷ್ಕೆಂಟಿನ ಡಾಕ್ಟರು ಬೆರಳು ಮಡಚಿ ಮಡಚಿ ಹೇಳಿದ್ದರು, ನೋಡಮ್ಮ, ತೂಕ ಇಳಿಸೋಕಂತ ಹೊಟ್ಟೆ ಕತ್ತರಿಸಿ ಬಾಳೆಹಣ್ಣಿನಷ್ಟು ಉಳಿಸಿದೀವಿ, ಅದರೊಳಗೆ ಮದುವೆ ಊಟ ತುಂಬೋಕೆ ಹೋಗ್ಬೇಡ, ಮೆತ್ತಗೆ ಬೆಂದ ಖಿಚಡಿ ಆಗ್ಬಹುದು, ಆಲೂಗಡ್ಡೆ ಆಗ್ಬಹುದು, ಪಲಾವಿನ ಅನ್ನ ಬೇಡ, ಒಳಗೆ ಹೋಗಿ ಊದ್ತದೆ, ಮೆತ್ತನೆ ರೊಟ್ಟಿಯಂತೂ ಮುಟ್ಟಲೇಬೇಡ, ಉಂಡೆಯಾಗಿ ಕೂತ್ಕೊಳ್ತದೆ, ಒಣ ರೊಟ್ಟಿ ಬೇಕಾದ್ರೆ ಒಂದು ಚೂರು, ನೀರಾಗೋ ತನಕ ಅಗಿದು ನುಂಗು. ಅವಳು ತಲೆಯಾಡಿಸಿದ್ದಳು. ಕೋಕಂದಿನಲ್ಲಿ ಹುಟ್ಟಿ ಬೆಳೆದು ರೊಟ್ಟಿ ಮುಟ್ಟದೆ ಊಟದಿಂದ ಏಳುವುದು ಹೇಗೆ ಎಂದು ಅವರನ್ನು ಕೇಳಿದ್ದರೆ ನಕ್ಕುಬಿಡುತ್ತಿದ್ದರೇನೋ. ಊರಿಗೆ ಬಂದ ದಿನ ಬಸ್ ನಿಲ್ದಾಣದಲ್ಲೇ ಆಸೆ ತಡೆಯದೆ ಬಿಸಿ ರೊಟ್ಟಿಯ ಅಂಚು ಮುರಿದು ಬಾಯಿಗೆ ಹಾಕಿಕೊಂಡಿದ್ದಳು, ಎದೆಯ ನಡುವೆ ಸಿಕ್ಕಿಕೊಂಡು ಕಣ್ಣು ಕತ್ತಲಿಟ್ಟು, ಚರಂಡಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಎಲ್ಲ ಕಕ್ಕಿದ್ದಳು. ಹಾಳು ಹೊಟ್ಟೆ. ಮೊದಲು ಎಷ್ಟು ಹಾಕಿದರೂ ಸಾಲದು ಎನ್ನುತ್ತಿತ್ತು, ಈಗ ಏನು ಹಾಕಿದರೂ ಬೇಡ ಎನ್ನುತ್ತದೆ.

ತಿನ್ನಿ ಅಕ್ಕ, ಆರ್ತಾ ಇದೆ, ಎನ್ನುತ್ತಾಳೆ ಸಾನೊಬಾರ್, ಮುಹಯ್ಯೋ ಹೂಂ ಎನ್ನುತ್ತಾಳೆ, ಆದರೆ ಇವತ್ತು ಖಿಚಡಿಯೂ ಬೇಡ, ಆಲೂಗಡ್ಡೆಯೂ ಬೇಡ, ಆ ಬಾಳೆಹಣ್ಣಿನಷ್ಟು ಜಾಗವನ್ನು ಪೂರಾ ಖಾಲಿ ಇಟ್ಟುಕೊಳ್ಳಬೇಕು, ಇವತ್ತು ತಿನ್ನಬೇಕಾದದ್ದು ಗೋಡೆಯ ಮೇಲಿದೆ. ಅಲ್ಲಿ, ಅಮ್ಮನ ಕೌದಿಗಳ ಮೇಲ್ಗಡೆ, ಮೊಳೆಗೆ ತೂಗುಹಾಕಿದ ರೊಟ್ಟಿ, ಒಣಗಿ ಮಡಕೆಯ ಬಣ್ಣಕ್ಕೆ ತಿರುಗಿದೆ, ಒಂದು ಅಂಚಿನಲ್ಲಿ ಕಚ್ಚಿದ ಗುರುತು. ಅವಳೇ ಕಚ್ಚಿದ್ದು. ಆಪರೇಶನ್ನಿಗೆ ಹೊರಟ ಬೆಳಿಗ್ಗೆ, ದ್ರಾಕ್ಷಿ ಕೊಯ್ಲಿನ ಸಮಯ, ಬೀದಿಯಲ್ಲಿ ಕಾರು ಕಾಯುತ್ತಿತ್ತು, ಅಮ್ಮ ಒಲೆಯಿಂದ ಆಗತಾನೆ ತೆಗೆದ ರೊಟ್ಟಿ ಹಿಡಿದು ಹೊಸಿಲಿನಲ್ಲಿ ಅಡ್ಡ ನಿಂತಿದ್ದಳು, ಕಚ್ಚು, ಉಳಿದದ್ದನ್ನ ಬಂದು ತಿನ್ನು, ಅಲ್ಲೀತನಕ ಯಾರೂ ಮುಟ್ಟೋ ಹಾಗಿಲ್ಲ. ಸೈನ್ಯಕ್ಕೆ ಹೋಗೋರಿಗೆ ಮಾಡೋ ಶಾಸ್ತ್ರ ನಂಗ್ಯಾಕಮ್ಮ ಅಂದರೆ, ನೀನೂ ಚಾಕು ಚೂರಿ ನಡುವೇನೇ ಹೋಗ್ತಾ ಇರೋದು, ಸುಮ್ನೆ ಕಚ್ಚು ಅಂದಿದ್ದಳು. ಆಗಲೇ ಮರೆವು ಶುರುವಾಗಿತ್ತು, ಒಲೆಯ ಮೇಲಿಟ್ಟ ಪಾತ್ರೆ ಮರೆಯುತ್ತಿದ್ದಳು, ಆದರೆ ಮಗಳನ್ನಲ್ಲ. ಮುಹಯ್ಯೋ ಕಚ್ಚಿದಳು, ಬಾಯಿ ತುಂಬ, ಆಗಿನ ಬಾಯಿ, ಆಗಿನ ಹಸಿವು, ಎಳ್ಳು ಗಲ್ಲಕ್ಕೆಲ್ಲ ಅಂಟಿತ್ತು, ಮಗಳು ಕಚ್ಚಿದ ಜಾಗವನ್ನು ಅಮ್ಮ ಹೆಬ್ಬೆರಳಿನಿಂದ ಸವರಿ, ಹಲ್ಲು ಚೆನ್ನಾಗಿ ಮೂಡಿದೆ, ಬರ್ತೀಯ ಬಿಡು, ಅಂದಳು. ಮೂರು ವಾರಕ್ಕೆಂದು ಹೋದದ್ದು, ಹೊಲಿಗೆ ಬಿಟ್ಟುಕೊಂಡು, ಒಳಗೆ ಕೀವಾಗಿ, ಮತ್ತೆ ಕೊಯ್ದು, ಚಳಿಗಾಲವೆಲ್ಲ ತಾಷ್ಕೆಂಟಿನಲ್ಲೇ ಕಳೆಯಿತು. ಯಾರಿಗಾಗಿ ಕೊಯ್ಸಿಕೊಂಡದ್ದು — ಅಮ್ಮನಿಗಾಗಿಯೇ ಅಲ್ಲವೆ, ಅಮ್ಮ ಅಂಗಳದಲ್ಲಿ ಬಿದ್ದ ದಿನ ಬಗ್ಗಿ ಎತ್ತಲಾರದೆ, ತನ್ನ ಮೈಭಾರಕ್ಕೆ ಮಂಡಿ ಮಡಚಲಾರದೆ, ಪಕ್ಕದ ಮನೆಯವರನ್ನು ಕೂಗಿ ಕರೆದಿದ್ದಳಲ್ಲ, ಅವತ್ತೇ ತೀರ್ಮಾನಿಸಿದ್ದು. ಈಗ ಎತ್ತಬಲ್ಲಳು. ಈಗ ಅಮ್ಮನನ್ನು ಮಗುವಿನಂತೆ ಎತ್ತಿ ಸ್ನಾನ ಮಾಡಿಸುತ್ತಾಳೆ, ಅಮ್ಮ ಬೆಚ್ಚನೆಯ ನೀರಿನಲ್ಲಿ ಕುಳಿತು, ಒಳ್ಳೇ ಕೈ ನಿಂದು, ಯಾರ ಮನೆಯವಳಮ್ಮ ನೀನು, ಎನ್ನುತ್ತಾಳೆ.

ಅದನ್ನು ಕೇಳಿದಾಗಲೆಲ್ಲ ಅಳು ಬರುತ್ತದೆ, ಅಳುತ್ತಾಳೆ, ನೀರು ಸುರಿಯುವ ಸದ್ದಿನಲ್ಲಿ ಗೊತ್ತಾಗುವುದಿಲ್ಲ. ನಾನಮ್ಮ, ಮುಹಯ್ಯೋ. ಅಮ್ಮ ಪೊರೆ ಬಂದ ಕಣ್ಣು ಕಿರಿದು ಮಾಡಿ ಮಣಿಕಟ್ಟು ಹಿಡಿದು ನೋಡುತ್ತಾಳೆ, ನಗುತ್ತಾಳೆ, ನನ್ನ ಮಗಳ ಕೈ ಇದಲ್ಲ ಬಿಡು, ಅವಳ ಕೈಗೆ ಬಳೆ ಏರಿಸ್ಬೇಕಾದ್ರೆ ಸೋಪು ಹಚ್ಬೇಕು, ನಡೆದ್ರೆ ಬಟ್ಟಲುಗಳು ಅಲ್ಲಾಡ್ತವೆ, ತಾಷ್ಕೆಂಟಿಗೆ ಹೋಗಿದಾಳೆ, ಇನ್ನೇನು ಬರ್ತಾಳೆ. ಮಗಳೇ ಎಂದು ಕರೆಯದೆ ಇಲ್ಲ, ಕರೆಯುತ್ತಾಳೆ, ಹಾಲು ಮಾರುವವಳನ್ನೂ ಹಾಗೇ ಕರೆಯುತ್ತಾಳೆ, ಸೂಜಿ ಚುಚ್ಚಲು ಬರುವ ನರ್ಸನ್ನೂ. ಸಂಜೆಯಾದರೆ ಗೋಡೆ ಹಿಡಿದು ಏಳುತ್ತಾಳೆ, ರೊಟ್ಟಿಯ ಕಚ್ಚಿದ ಜಾಗವನ್ನು ಹೆಬ್ಬೆರಳಿನಿಂದ ಸವರುತ್ತಾಳೆ, ಈ ಕಡೆಯಿಂದ ಆ ಕಡೆಗೆ, ಹಲ್ಲು ಹಲ್ಲನ್ನೂ ಮುಟ್ಟಿ, ಆಮೇಲೆ ಬಾಗಿಲಿಗೆ ಮುಖ ಮಾಡಿ ಕೂರುತ್ತಾಳೆ, ಊಟ ಕೊಟ್ಟರೆ ಅವಳು ಬರಲಿ ಎನ್ನುತ್ತಾಳೆ, ಹೀಗೇ ಮೈಯೆಲ್ಲ ಇಳಿದು ಹೋಗಿದೆ, ಈ ಮನೆಯಲ್ಲಿ ಇಬ್ಬರು ಕರಗುತ್ತಿದ್ದಾರೆ, ಒಬ್ಬಳು ದುಡ್ಡು ಕೊಟ್ಟು, ಒಬ್ಬಳು ಸುಮ್ಮನೆ. ಅಕ್ಕ, ಆ ರೊಟ್ಟೀನ ಅವರ ಕಣ್ಣೆದುರೇ ತಿಂದುಬಿಡಿ, ಬಂದವರು ತಾನೇ ಅದನ್ನ ತಿನ್ನೋದು, ಆಗಲಾದ್ರೂ ಗೊತ್ತಾದೀತು ಬಂದಿದೀರಂತ, ನಿನ್ನೆ ಸಾನೊಬಾರ್ ಹೇಳಿದ್ದು, ಹೇಳಿ ತಾನೇ ಅತ್ತದ್ದು. ಹೌದಲ್ಲ. ಬಂದ ದಿನವೇ ತಿನ್ನಬೇಕಿತ್ತು, ಎದೆಯಲ್ಲಿ ಸಿಕ್ಕಿಕೊಂಡ ಭಯ, ಚರಂಡಿಯ ಪಕ್ಕದ ಆ ವಾಂತಿ, ಇವತ್ತು ನಾಳೆ ಎಂದು ದೂಡಿದಳು. ಒಣಗಿದ್ದು ತಾನೇ, ಡಾಕ್ಟರು ಕೂಡ ಬೇಡ ಅಂದಿಲ್ಲ, ಒಂದು ಚೂರು, ನೀರಾಗುವ ತನಕ ಅಗಿದು, ಅಮ್ಮ ನೋಡುತ್ತಿರುವಾಗ ನುಂಗಿದರೆ ಆಯಿತು. ಅಮ್ಮ ಹೆಸರು ಹಿಡಿದು ಕರೆಯಬೇಕು, ಒಂದೇ ಒಂದು ಸಲ ಸಾಕು, ಅವಳು ಹೋಗುವ ಮುಂಚೆ.

ಎದ್ದಳು, ಬಟ್ಟಲುಗಳು ಅಲುಗಾಡಲಿಲ್ಲ, ಮೊಳೆಯಿಂದ ದಾರ ಬಿಡಿಸಿದಳು, ಎಷ್ಟು ಹಗುರ, ಅಮ್ಮ, ಇಲ್ಲಿ ನೋಡು, ನಾನು ಬಂದೆ, ನನ್ನ ರೊಟ್ಟಿ ತಿಂತೀನಿ ನೋಡು. ಬಾಗಿಲ ಕಡೆಗೆ ಕೂತಿದ್ದ ಅಮ್ಮ ಮುಖ ಎತ್ತಿದಳು. ಮುರಿಯಬೇಕು, ರೊಟ್ಟಿಗೆ ಚಾಕು ತಾಗಿಸುವಂತಿಲ್ಲ, ಕೈಯಲ್ಲೇ, ನಡುಭಾಗ ಕಲ್ಲಾಗಿದೆ, ಕಚ್ಚಿದ ಅಂಚು ತೆಳುವಾಗಿತ್ತು, ಅಲ್ಲೇ ಹಿಡಿದು ಅದುಮಿದಳು, ಟಕ್ಕೆಂದು ಮುರಿಯಿತು, ಚೂರುಗಳು ಕೌದಿಯ ಮೇಲೆ ಉದುರಿದವು, ಒಂದನ್ನು ಬಾಯಿಗೆ ಹಾಕಿಕೊಂಡಳು, ಧೂಳು, ಉಪ್ಪು, ಎಳ್ಳಿನ ಮುಗ್ಗಲು, ಅಮ್ಮನ ಒಲೆ, ಅಗಿ, ನಿಧಾನ, ನುಂಗಬೇಡ ಇನ್ನೂ. ಅಮ್ಮ ಕೈ ಚಾಚಿ ಉಳಿದ ರೊಟ್ಟಿಯನ್ನು ತೆಗೆದುಕೊಂಡಳು, ಸಿಟ್ಟಿಲ್ಲ, ಗದರಲಿಲ್ಲ, ಹಸಿವಾಗಿತ್ತಾ ತಾಯಿ, ಕೇಳಿದ್ರೆ ಸಾನೊಬಾರ್ ಬಿಸಿ ರೊಟ್ಟಿ ಕೊಡ್ತಿದ್ಲಲ್ಲ, ಇದು ನನ್ನ ಮುಹಯ್ಯೋದು, ಇದನ್ನ ತಿಂದ್ಬಿಟ್ರೆ ಅವಳು ಹೆಂಗೆ ಬರ್ತಾಳೆ. ಹೆಸರು ಬಂತು, ಬೇಡಿಕೊಂಡ ಹೆಸರೇ ಬಂತು, ಬಾಯಲ್ಲಿ ರೊಟ್ಟಿ ನೀರಾಗುತ್ತಿಲ್ಲ, ಉಗುಳುವಂತಿಲ್ಲ, ರೊಟ್ಟಿಯನ್ನು ಉಗುಳುವವರುಂಟೆ, ನುಂಗುವಂತಿಲ್ಲ, ಅಮ್ಮ ರೊಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳು ಅಂಚಿಗೆ ತಂದಳು, ಸವರಿದಳು, ನಿಲ್ಲಿಸಿದಳು, ರೊಟ್ಟಿ ತಿರುಗಿಸಿ ಮತ್ತೆ ಸವರಿದಳು, ಇಲ್ಲೇ ಇತ್ತಲ್ಲ, ಅವಳ ಹಲ್ಲು ಇಲ್ಲೇ ಇತ್ತಲ್ಲ, ಮುರಿದ ಅಂಚಿನ ಮೇಲೆ ಆ ಹೆಬ್ಬೆರಳು, ಈ ಕಡೆಯಿಂದ ಆ ಕಡೆಗೆ, ಮತ್ತೆ ಆ ಕಡೆಯಿಂದ ಈ ಕಡೆಗೆ, ಹುಡುಕುತ್ತ, ಆ ಹೆಬ್ಬೆರಳು —