ಸಬ್ರಿಯ ಪಾಲಿನ ಮೊಟ್ಟೆ

ಇನ್ಶಿರಾಹ್ ಟೀಚರಿಗೆ ಅಳು ಬರುವುದಿಲ್ಲ ಎಂಬುದು ಈಜಿಪ್ಟಿನ ದುಮ್ಯಾತ್ ಊರಿನ ಆ ಬೀದಿಗೆಲ್ಲ ಗೊತ್ತಿದ್ದ ಸಂಗತಿ. ಹೋದ ಚಳಿಗಾಲದಲ್ಲಿ ಅಪ್ಪ ಸಬ್ರಿ ತೀರಿಕೊಂಡಾಗಲೂ ಅವಳು ಬಂದವರಿಗೆಲ್ಲ ಕಾಫಿ ಕೊಟ್ಟು, ಅಮ್ಮನನ್ನು ತಬ್ಬಿ ಕೂತಿದ್ದಳೇ ಹೊರತು ಒಂದು ಹನಿ ಉದುರಿಸಿರಲಿಲ್ಲ. "ಕಲ್ಲೆದೆ ಕಣೇ ಅವಳದು," ಎಂದರು ನೆರೆಯ ಹೆಂಗಸರು. ಅನ್ನಲಿ ಬಿಡಿ, ಆಡುವ ಬಾಯಿಗೆ ಬೀಗ ಹಾಕಲಾದೀತೇ!

ಈಗ ಅವಳ ತಲೆಯ ತುಂಬ ಇದ್ದದ್ದು ಪ್ರಯೋಗಶಾಲೆ. ಹೆಣ್ಣುಮಕ್ಕಳ ಶಾಲೆಯ ಆ ಕೋಣೆಯನ್ನು ಮುರುಕು ಬೆಂಚುಗಳ ಉಗ್ರಾಣ ಮಾಡಬೇಕೆಂದು ಮೇಲಿನವರು ಹಟ ಹಿಡಿದಿದ್ದರು. ಇನ್‌ಸ್ಪೆಕ್ಟರ್ ಲಮ್ಯಿ ಒಂದು ಪ್ರಯೋಗ ನೋಡಿ ತೀರ್ಮಾನ ಹೇಳುವವರಿದ್ದರು. ಆ ಮನುಷ್ಯ ಬಂದದ್ದೂ ಎಂಥ ದಿನ! ಮಾರನೆಯ ದಿನ ಶಮ್ ಎಲ್‌ನಸೀಮ್. ಊರಿಗೆ ಊರೇ ಉಪ್ಪು ಮೀನು, ಹಸಿ ಈರುಳ್ಳಿ, ಬಣ್ಣದ ಮೊಟ್ಟೆ ಕಟ್ಟಿಕೊಂಡು ನೈಲ್ ದಂಡೆಗೆ ಹೋಗುವ ವಸಂತದ ಹಬ್ಬ. ಹುಡುಗಿಯರೆಲ್ಲ ಆಗಲೇ ಮನೆಗೆ ಓಡಿದ್ದರು. ಸಾಹೇಬರ ಕೈಯಲ್ಲೂ ಈರುಳ್ಳಿ ಚೀಲ.

"ಬೇಗ ತೋರ್ಸಮ್ಮಾ, ನನ್ನ ಬಸ್ಸು ತಪ್ಪುತ್ತೆ."

"ಬಸ್ಸು ನಿಲ್ಲುತ್ತೆ ಸರ್, ಇದನ್ನ ನೋಡಿ," ಎಂದು ಅವಳು ಗಾಜಿನ ನಳಿಗೆ ಎತ್ತಿದಳು. "ಹಾಲು ಬೆರೆಸಿದ ನೀರಿನ ಹಾಗೆ ಕದಡಿದೆಯಲ್ಲ, ಅದೆಲ್ಲ ಬ್ಯಾಕ್ಟೀರಿಯಾ. ಒಂದೊಂದಕ್ಕೂ ಗಟ್ಟಿ ಗೋಡೆ. ನಮ್ಮ ಮೈಯಲ್ಲಿರೋ ಲೈಸೋಜೈಮ್ ಅನ್ನೋ ಕಿಣ್ವ ಆ ಗೋಡೆಯ ಎಳೆ ಎಳೆಯನ್ನೂ ಕತ್ತರಿಸುತ್ತೆ. ಗೋಡೆ ಸಡಿಲಾಯ್ತೋ, ನೀರು ಒಳಗೆ ನುಗ್ಗಿ ಢಮಾರ್! ಮೊಟ್ಟೆಯ ಬಿಳಿ ಲೋಳೆಯಲ್ಲೂ ಅದೇ ಕಿಣ್ವ. ಒಂದು ಹನಿ ಬಿದ್ದರೆ ಸಾಕು, ನೀರು ತಿಳಿಯಾಗುತ್ತೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?"

ಡಬ್ಬಿಯ ಮುಚ್ಚಳ ತೆಗೆದಳು. ಮೊಟ್ಟೆಗಳೆಲ್ಲ ಈರುಳ್ಳಿ ಸಿಪ್ಪೆಯ ಕೆಂಪು ಬಣ್ಣದಲ್ಲಿ ಮಿನುಗುತ್ತಿದ್ದವು. ಬೆಂದ ಮೊಟ್ಟೆಗಳು! ಬೆಂದ ಲೋಳೆಯಲ್ಲಿ ಕಿಣ್ವ ಸತ್ತಂತೆಯೇ. "ಅಮ್ಮಾ, ಈ ಡಬ್ಬಿಯದು ಇನ್‌ಸ್ಪೆಕ್ಟರಿಗೆ," ಎಂದಷ್ಟೇ ಹೇಳಿ ಹಿಂದಿನ ರಾತ್ರಿ ಅವಳು ಮಲಗಿದ್ದಳು. ಹಬ್ಬದ ಹೊತ್ತಿನಲ್ಲಿ ಅತಿಥಿಗೆ ಹಸಿ ಮೊಟ್ಟೆ ಕಳಿಸುವ ತಾಯಿ ಈಜಿಪ್ಟಿನಲ್ಲಿ ಇನ್ನೂ ಹುಟ್ಟಿಲ್ಲ.

ಲಮ್ಯಿ ಹೊಟ್ಟೆ ಹಿಡಿದು ನಕ್ಕರು. "ಬೇಯಿಸಿದ ಸಿಪಾಯಿನ ಕಟ್ಕೊಂಡು ಯುದ್ಧಕ್ಕೆ ಬಂದ್ಯಾ? ಸಾಕು ಬಿಡು, ಬೆಂಚುಗಳು ಬರಲಿ."

"ಬೆಂಚು ನಿಮ್ಮ ಮನೆಗೆ ಹೋಗಲಿ! ಕಣ್ಣೀರಲ್ಲೂ ಅದೇ ಕಿಣ್ವ ಇದೆ ಸರ್. ಇಲ್ಲಿ ಕೊಡಿ ಆ ಈರುಳ್ಳಿ." ಕಿತ್ತುಕೊಂಡು ಜಜ್ಜಿ, ಕಣ್ಣಿಗೆ ಹಿಡಿದಳು. ಹಬ್ಬದ ಎಳೆ ಈರುಳ್ಳಿ, ಖಾರವೇ ಇರಲಿಲ್ಲ. ಅವಳ ಕಣ್ಣು ಒಣಗಿಯೇ ಇತ್ತು.

"ನಿನಗೆ ಅಳೋಕೆ ಬರಲ್ಲ ಅಂತ ಊರೇ ಹೇಳುತ್ತೆ," ಎಂದು ಸಾಹೇಬರು ಎದ್ದು ನಿಂತರು.

ಸಿಟ್ಟಿನಿಂದ ಅವಳು ಡಬ್ಬಿಯನ್ನು ಅತ್ತ ತಳ್ಳಿದಳು. ಮೇಲಿದ್ದ ಮೊಟ್ಟೆಗಳು ಉರುಳಿದವು. ಅಡಿಯಲ್ಲಿ ಎರಡು ಉಳಿದವು. ಅಮ್ಮ ಪ್ರತಿ ವರ್ಷದಂತೆ ಮೇಣದಲ್ಲಿ ಮನೆಯವರ ಹೆಸರು ಬರೆದು ಬಣ್ಣಕ್ಕೆ ಅದ್ದಿ, ಅತಿಥಿಯ ಪಾಲಿನ ಕೆಳಗೆ ಇಟ್ಟಿದ್ದಳು. ಒಂದರ ಮೇಲೆ ಇನ್ಶಿರಾಹ್, ಇನ್ನೊಂದರ ಮೇಲೆ ಸಬ್ರಿ.

ಸತ್ತವನ ಪಾಲನ್ನೂ ಅಮ್ಮ ಬೇಯಿಸಿದ್ದಳು. ಪ್ರತಿ ಹಬ್ಬಕ್ಕೂ ಅಪ್ಪ ತನ್ನ ಮೊಟ್ಟೆಯನ್ನು ಮಗಳ ಹಣೆಗೆ ಕುಟ್ಟಿ ಒಡೆಯುತ್ತಿದ್ದ. "ನಿನ್ನಂಥ ಗಟ್ಟಿ ತಲೆ ಇಡೀ ದುಮ್ಯಾತಲ್ಲಿಲ್ಲ ಕಣೇ!" ಎನ್ನುತ್ತಿದ್ದ. ಈ ಸಲ ಕುಟ್ಟುವ ಕೈ ಇರಲಿಲ್ಲ. ಇನ್ಶಿರಾಹಳ ಕಣ್ಣು ತುಂಬಿ ಬಂತು.

ಲಮ್ಯಿ ಗಾಬರಿಯಾದರು. "ಅಯ್ಯೋ, ನಾನೇನೋ ತಮಾಷೆಗೆ..."

"ಸುಮ್ನಿರಿ ಸರ್, ಪೋಲಾಗುತ್ತೆ!" ಎಂದು ಬಿಕ್ಕುತ್ತಲೇ ಹನಿ ಹೀರುವ ಪಿಪೆಟ್ಟು ಎಳೆದುಕೊಂಡು ಕೆನ್ನೆಗೆ ಹಿಡಿದಳು. ಅಪ್ಪನ ಹೆಸರಿನ ಕಣ್ಣೀರು ನಳಿಗೆಗೆ ಬಿತ್ತು. ಅಲುಗಾಡಿಸಿ, ಗೋಡೆಯ ಪಾಠಪಟದ ಮುಂದೆ ಹಿಡಿದಳು. ಮೊದಲು ಏನೂ ಕಾಣಲಿಲ್ಲ. ಸಾಹೇಬರು ಕನ್ನಡಕ ಒರೆಸಿ ಹತ್ತಿರ ಬಂದರು. ಮೆಲ್ಲಗೆ ಕದಡು ಕರಗಿತು. ಹಿಂದಿದ್ದ ಅಕ್ಷರಗಳು ಮಸುಕಾಗಿ ಕಂಡು, ಆಮೇಲೆ ಸ್ಪಷ್ಟವಾದವು. ಲಮ್ಯಿ ಒಂದು ಸಾಲನ್ನು ಗಟ್ಟಿಯಾಗಿ ಓದಿಯೇಬಿಟ್ಟರು.

"ಬೆಂಚುಗಳನ್ನ ಮಹಡಿ ಮೇಲೆ ಹಾಕ್ಲಿ," ಎಂದರು ಕೊನೆಗೆ. "ಈ ಕೋಣೆ ನಿಂದೇ."

"ಗೊತ್ತಿತ್ತು ಸರ್," ಎಂದಳು ಅವಳು.

ಅವರು ಹೋದ ಮೇಲೆ ಸಬ್ರಿಯ ಮೊಟ್ಟೆ ತೆಗೆದುಕೊಂಡು ತನ್ನ ಹಣೆಗೆ ತಾನೇ ಕುಟ್ಟಿಕೊಂಡಳು. ಮೊಟ್ಟೆ ಒಡೆಯಿತು. ನಳಿಗೆ ತಿಳಿಯಾಗಿ ಎಷ್ಟೋ ಹೊತ್ತಾಗಿದ್ದರೂ ಅವಳ ಅಳು ಇನ್ನೂ ನಿಂತಿರಲಿಲ್ಲ.