ಖಾಲಿ ಕಪಾಟು

ನಮ್ಮ ಗುಂಪಿನಲ್ಲಿ ಯಾರಿಗೂ ಹೆಸರಿಲ್ಲ, ಕಸುಬೇ ಹೆಸರು. ನಾನು ದರ್ಜಿ. ಸಾಯಬೇಕೆಂಬ ಯೋಚನೆ ಕಾಡಿದವರು ಒಬ್ಬರಿಗೊಬ್ಬರು ಬರೆದುಕೊಳ್ಳುವ ಗುಂಪು ಅದು, ಇರುವುದು ಫೋನಿನೊಳಗೆ. ಹೇಗೆ ಸಾಯುವುದೆಂಬ ಮಾತು ಅಲ್ಲಿ ಬರಕೂಡದು, ಬೋಧನೆಯೂ ಕೂಡದು. ಅಳಬಹುದು, ಬೈಯಬಹುದು, ಊಟ ಸೇರಲಿಲ್ಲ ಎನ್ನಬಹುದು. ಮನೆಯವರ ಮುಂದೆ ಬಾಯಿಗೆ ಬಾರದ್ದು ಅಲ್ಲಿ ಬೆರಳಿಗೆ ಬರುತ್ತದೆ.

ಅಲ್ಲೊಬ್ಬರು ಬೀಗ ರಿಪೇರಿಯವರು. ಬಾಯಿಗೂ ಒಂದು ಬೀಗ ಜಡಿದುಕೊಂಡ ಮನುಷ್ಯ, ಬರೆಯುವುದು ಅಪರೂಪ. ಅಂಥವರು ಒಂದು ಮಧ್ಯಾಹ್ನ ಬರೆದರು: "ಎಲ್ಲರ ಬೀಗಾನೂ ರಿಪೇರಿ ಮಾಡಿ ವಾಪಸ್ ಕೊಟ್ಟೆ. ಕಪಾಟು ಖಾಲಿ. ಅಂಗಡಿ ಗುಡಿಸಿದೆ. ಈಗ ಹಗುರ ಆಯ್ತು."

ಕೆಳಗೆ ಚಪ್ಪಾಳೆಯ ಚಿತ್ರಗಳ ಸುರಿಮಳೆ. "ಭೇಷ್, ಹೀಗಿರಬೇಕು" ಎಂದರು ಒಬ್ಬರು.

ನನಗೆ ಮೈಯೆಲ್ಲ ಉರಿಯಿತು. ಇವರಿಗೆಲ್ಲ ಕಣ್ಣು ಎಲ್ಲಿದೆ? ರಿಪೇರಿ ಮಾಡುವವರ ಕಪಾಟು ಖಾಲಿಯಾಗುವುದುಂಟೆ? ಒಂದು ಮುಗಿಯುವಷ್ಟರಲ್ಲಿ ನಾಲ್ಕು ಬಂದು ಕೂತಿರುತ್ತವೆ. "ನಾಳೆ ಬನ್ನಿ" ಅನ್ನುತ್ತ, ಬೈಸಿಕೊಳ್ಳುತ್ತ ಬದುಕುವ ಜಾತಿ ನಮ್ಮದು. ನಾಳೆ ಬನ್ನಿ ಅನ್ನಬೇಕಾದರೆ ನಾಳೆ ನಾವಿರಬೇಕು.

ಹೋದ ವರ್ಷ ನಾನೂ ಹೀಗೇ ಮಾಡಿದ್ದೆ. ಬಾಕಿಯಿದ್ದ ಬಟ್ಟೆಗಳನ್ನೆಲ್ಲ ಹೊಲಿದು, ಮೆಷಿನ್ ಒರೆಸಿ, ಕತ್ತರಿಯನ್ನು ಡಬ್ಬಿಗೆ ಹಾಕಿದೆ. ಅತ್ತೆ ಬಂದರು, ಕೋಣೆಯನ್ನೆಲ್ಲ ಒಮ್ಮೆ ನೋಡಿದರು. ಕೊನೆಯದಾಗಿ ಹೊಲಿದಿಟ್ಟಿದ್ದ ಕೋಟನ್ನು ಎತ್ತಿಕೊಂಡು ಅದರ ಅಂಚನ್ನು ಪರಪರ ಬಿಚ್ಚಿಹಾಕಿದರು. "ಸೊಟ್ಟ ಹೊಲಿದಿದೀಯ. ಮತ್ತೆ ಹೊಲಿ" ಅಂದರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸಾಯುವ ಯೋಚನೆಯನ್ನು ಬದಿಗಿಟ್ಟು ಹಲ್ಲು ಕಚ್ಚಿಕೊಂಡು ಹೊಲಿದೆ. ಅಷ್ಟು ಹೊತ್ತೂ ಅತ್ತೆ ಪಕ್ಕದಿಂದ ಏಳಲಿಲ್ಲ. ಮರುದಿನ ಡಾಕ್ಟರ ಬಳಿ ಕರೆದುಕೊಂಡು ಹೋದರು. ಮಾತ್ರೆ ಈಗಲೂ ನಡೆಯುತ್ತಿದೆ. ಸೊಟ್ಟ ಅಂದದ್ದರ ಸಿಟ್ಟೂ ಇನ್ನೂ ಹೋಗಿರಲಿಲ್ಲ.

ಬೀಗದವರಿಗೆ ನೇರವಾಗಿ ಬರೆದೆ: "ಸುತ್ತು ಬಳಸಿ ಕೇಳಲ್ಲ. ಇವತ್ತು ಸಾಯೋ ಯೋಚನೆ ಇದೆಯಾ?"

ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು ಕಾದೆ. ಎದುರಿಗೆ ಗುಂಡಿ ಹಾಕುತ್ತಾ ಕೂತಿದ್ದ ಅತ್ತೆ, "ಯಾಕೇ, ಮುಖ ಬಿಳುಚಿಕೊಂಡಿದೆ?" ಅಂದರು. ಫೋನ್ ತೋರಿಸಿದೆ. ಕನ್ನಡಕ ಏರಿಸಿ ಓದಿದರು. ಅಷ್ಟರಲ್ಲಿ ಉತ್ತರ ಬಂತು.

"ಹೌದು."

ತಕ್ಷಣ ಬರೆದೆ: "ಹತ್ತಿರದಲ್ಲಿ ನಿಮ್ಮೋರು ಯಾರಿದ್ದಾರೆ?"

"ಅಕ್ಕ. ಪಕ್ಕದ ಬೀದಿ."

"ಈಗ್ಲೇ ಹೋಗಿ."

"ಹೋಗಿ ಏನಂತ ಹೇಳ್ಲಿ? ಬಾಯೇ ಬರಲ್ಲ."

"ಹೇಳೋದೇನೂ ಬೇಡ. ಈ ಫೋನ್ ಅವರ ಕೈಗೆ ಕೊಡಿ, ಓದ್ಕೊಳ್ಳಲಿ. ನಾನು ಇಲ್ಲೇ ಕಾಯ್ತಿರ್ತೀನಿ."

ಗುಂಪಿನ ಮಾತು ಹೊರಗಿನವರ ಕಣ್ಣಿಗೆ ಬೀಳಬಾರದೆಂಬ ನಿಯಮವಿದೆ. ಇರಲಿ, ಬೇಕಾದರೆ ನನ್ನನ್ನು ಗುಂಪಿನಿಂದ ತೆಗೆದುಹಾಕಲಿ. ಫೋನನ್ನು ಮೆಷಿನ್ ಮೇಲಿಟ್ಟು ನೋಡುತ್ತಲೇ ಕೂತೆವು. ಅತ್ತೆ ಒಂದೇ ಗುಂಡಿಗೆ ಸುಮ್ಮನೆ ದಾರ ಸುತ್ತುತ್ತಿದ್ದರು.

ಕೊನೆಗೂ ಬಂತು. "ನಾನು ಇವನ ಅಕ್ಕ. ಎಲ್ಲಾ ಓದಿದೆ. ಇಲ್ಲೇ ಕೂತಿದ್ದಾನೆ, ಏನೂ ಮಾತಾಡ್ತಿಲ್ಲ. ನಾನೀಗ ಏನ್ ಮಾಡ್ಲಿ?"

"ಒಬ್ಬರನ್ನೇ ಬಿಡಬೇಡಿ" ಎಂದು ಬರೆದೆ. "ಬೈಬೇಡಿ. ಇವತ್ತೇ ಡಾಕ್ಟರ ಹತ್ರ ಕರ್ಕೊಂಡು ಹೋಗಿ."

"ನಮ್ಮ ಡಾಕ್ಟರು ಸಿಗೋದು ಸಂಜೆಗೆ. ಅಲ್ಲೀತನಕ?"

"ಕೆಲಸ ಕೊಡೋಕೆ ಹೇಳು" ಅಂದರು ಅತ್ತೆ, ಎದ್ದು ಬಂದು ನನ್ನ ಭುಜದ ಮೇಲಿಂದ ಇಣುಕುತ್ತ. ಹಾಗೇ ಬರೆದೆ. ಮನೆಯಲ್ಲಿ ಕೆಟ್ಟ ಬೀಗ ಏನಾದರೂ ಇದೆಯೇ ಎಂದು ಕೇಳಿದೆ.

"ಹಿಂಬಾಗಿಲ ಬೀಗ ಇದೆ. ಆದ್ರೆ ಅದು ಸರಿಯಾಗೇ ಇದೆಯಲ್ಲ."

ನಾನು ಅತ್ತೆಯ ಮುಖ ನೋಡಿದೆ.

"ಸರಿಯಾಗಿದ್ರೆ ಏನಂತೆ? ಕೆಟ್ಟಿದೆ ಅನ್ನಲಿ" ಅಂದರು ಅವರು.

ನನ್ನ ಬೆರಳು ಅಲ್ಲೇ ನಿಂತಿತು. "ಅತ್ತೆ, ಆವತ್ತು ಆ ಕೋಟು…"

"ನಿನ್ನ ಹೊಲಿಗೆ ಯಾವತ್ತು ಸೊಟ್ಟ ಇತ್ತೇ, ಹುಚ್ಚಿ? ಮೊದಲು ಆ ಹೆಣ್ಣುಮಗಳಿಗೆ ಬರಿ."

ಕಣ್ಣು ತುಂಬಿ ಅಕ್ಷರವೇ ಕಾಣಲಿಲ್ಲ. ಒರೆಸಿಕೊಂಡು ಬರೆದೆ: "ಅಕ್ಕಾ, ಬೀಗ ಕೆಟ್ಟಿದೆ ಅನ್ನಿ. ಪಕ್ಕದಲ್ಲೇ ಕೂತಿರಿ."