ತಾತನ ಕೈ ಹಾಕಿದ ತಾಳ

ಡೆಲ್ಟನ್ ತನ್ನ ಅಕಾರ್ಡಿಯನ್ ಪೆಟ್ಟಿಗೆಯ ತಿದಿ ಮುಚ್ಚಿ ವೇದಿಕೆಯ ಮೇಲೆ ಕಂಬದ ಹಾಗೆ ನಿಂತಿದ್ದ. ತಾತನ ವಾಲ್ಸ್, ಜೋಡಿಗಳು ಸುತ್ತುತ್ತಾ ಕುಣಿಯುವ ಮೂರೇಟಿನ ಹಾಡು, ನುಡಿಸಿ ಮುಗಿಸಿದ್ದ. ಭಾನುವಾರ ಮಧ್ಯಾಹ್ನದ ಕುಣಿತಕ್ಕೆಂದು ಲಾಟೆಲ್ ಊರಿನ ಆಸುಪಾಸಿನವರೆಲ್ಲ ಗದ್ದೆ ನಡುವಿನ ಆ ಹಲಗೆ ಮನೆಗೆ ಬಂದು ಸೇರಿದ್ದರು. ಜೋಡಿಗಳು ಬೆವರು ಸುರಿಸಿ ಕುಣಿದಿದ್ದವು, ಚಪ್ಪಾಳೆಯೂ ಬಿದ್ದಿತ್ತು. ಕುಣಿಯಲೇಬೇಕಾಗಿದ್ದವಳು ಒಬ್ಬಳೇ, ಅಜ್ಜಿ ಎಲ್ದಿನ್. ಅವಳು ಗೋಡೆಬದಿಯ ಬೆಂಚಿನ ಮೇಲೆ ಕರಿ ಬಟ್ಟೆಯಲ್ಲಿ ಕೂತವಳು ಕೂತೇ ಇದ್ದಳು.

ತಾತ ಎರಾಸ್ತ್ ಸತ್ತು ನಿನ್ನೆಗೆ ವರ್ಷ. ಆ ವರ್ಷವಿಡೀ ಮನೆಯಲ್ಲಿ ಒಂದು ಸ್ವರ ಹೊರಟಿರಲಿಲ್ಲ. ತಾತನ ಪೆಟ್ಟಿಗೆ ಟ್ರಂಕಿನೊಳಗೆ, ಟ್ರಂಕಿಗೆ ಬೀಗ. ಸೂತಕ ಕಳೆಯುವುದಕ್ಕೆ ಆ ಮನೆತನದಲ್ಲಿ ಇದ್ದದ್ದು ಒಂದೇ ದಾರಿ: ಸತ್ತವನ ವಾಲ್ಸ್ ನುಡಿಸಬೇಕು, ಹೆಂಡತಿ ಎದ್ದು ಕುಣಿಯಬೇಕು. ಅವಳು ಏಳದಿದ್ದರೆ ಕರಿ ಬಟ್ಟೆ ಮೈಮೇಲೆಯೇ ಉಳಿಯುತ್ತದೆ.

ಡೆಲ್ಟನ್ ಇಳಿದು ಹೋಗಿ ಅವಳೆದುರು ಕುಕ್ಕರಗಾಲಲ್ಲಿ ಕೂತ.

"ಯಾಕಜ್ಜಿ, ಕಾಲು ನೋವಾ?"

"ಕಾಲಿಗೇನಾಗಿದೆ? ನಿಮ್ಮ ತಾತಂದು ಯಾವಾಗ ನುಡಿಸ್ತೀಯ ಅಂತ ಕಾಯ್ತಾ ಕೂತಿದೀನಿ."

ಅವನಿಗೆ ಮೊದಲು ಅರ್ಥವೇ ಆಗಲಿಲ್ಲ. ಅಜ್ಜಿಗೆ ಅರಳುಮರಳೇ? ಇಲ್ಲ, ತನಗೇ ಏನಾದರೂ ಆಗಿದೆಯೇ? ಇದೀಗ ನುಡಿಸಿದ್ದು ಅದೇ ಎಂದ. ಅದನ್ನು ಕೇಳಿದರೆ ನಾಯಿ ಅಟ್ಟಿಸಿಕೊಂಡು ಬಂದ ಹಾಗಿದೆ, ಎರಾಸ್ತ್ ಯಾವತ್ತೂ ಹಾಗೆ ಓಡಿದವನಲ್ಲ ಎಂದಳು ಅಜ್ಜಿ.

ಅವನ ಮೈ ಉರಿದುಹೋಯಿತು. ಎರಡು ವರ್ಷದ ಕಷ್ಟ ಅದು. ಟೆಕ್ಸಸ್‌ನ ಎಣ್ಣೆ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದು, ತಾತ ಅಂಚೆಯಲ್ಲಿ ಕಳಿಸಿದ್ದ ಕ್ಯಾಸೆಟ್ ಹಾಕಿಕೊಂಡು, ಪಕ್ಕದ ಕೋಣೆಯವರ ಬೈಗುಳ ತಿಂದು ಕಲಿತದ್ದು. ಕ್ಯಾಸೆಟ್ಟಿನ ಶ್ರುತಿಗೆ ಸರಿಹೊಂದುವ ಪೆಟ್ಟಿಗೆಗಾಗಿ ಆರು ಅಂಗಡಿ ಸುತ್ತಿದ್ದ. ಅಷ್ಟರಲ್ಲಿ ತಾತನಿಗೆ ಲಕ್ವ ಹೊಡೆದು ಎಡಗೈಯೂ ಮಾತೂ ಎರಡೂ ಹೋದವು. ಕೆಲಸ ಬಿಟ್ಟು ಬಂದ ಡೆಲ್ಟನ್‌ಗೆ ಅವನ ಬಾಯಿಂದ ಒಂದು ಮಾತು ಕೇಳುವ ಭಾಗ್ಯವೂ ಇರಲಿಲ್ಲ.

ಪಿಟೀಲಿನ ಮೋಯಿಸ್ ಕಮಾನು ಹಿಡಿದೇ ಹತ್ತಿರ ಬಂದ. ಅವನು ತಾತನ ಜೊತೆಗಾರ, ಡೆಲ್ಟನ್‌ಗೆ ಹೆಸರಿಟ್ಟ ಧರ್ಮತಂದೆ.

"ನಿನ್ನ ಪೆಟ್ಟಿಗೆಗೆ ಹೊಂದ್ಸೋಕೆ ಹೋಗಿ ಒಂದು ತಂತಿ ಹರ್ಕೊಂಡೆ ಕಣೋ. ನಿಮ್ಮ ತಾತನ ಜೊತೆ ನಲವತ್ತು ವರ್ಷ ತಂತಿ ಸಡಿಲ ಬಿಟ್ಟೇ ನುಡಿಸ್ದೋನು ನಾನು. ಇವತ್ತು ಬಿಗೀಬೇಕಾಯ್ತು."

"ಕ್ಯಾಸೆಟ್ಟಲ್ಲಿ ಇರೋದೇ ಈ ಶ್ರುತಿ," ಎಂದು ಡೆಲ್ಟನ್ ಹಲ್ಲು ಕಡಿದ. "ಕ್ಯಾಸೆಟ್ ಸುಳ್ಳು ಹೇಳುತ್ತಾ?"

ಯಾವ ಕ್ಯಾಸೆಟ್ಟು, ಅಡುಗೆಮನೇಲಿ ತುಂಬಿಸಿದ್ದಾ ಎಂದು ಅಜ್ಜಿ ಕೇಳಿದಳು. ಆವತ್ತು ರೆಕಾರ್ಡರಿನ ಸೆಲ್ಲು ಮುಗಿಯುತ್ತಾ ಬಂದಿತ್ತಂತೆ. ಹೊಸದು ತಂದು ಹಾಕು ಅಂದರೆ, ನಾಳೆ ನೋಡೋಣ ಅಂದನಂತೆ ಆ ಸೋಮಾರಿ ಎರಾಸ್ತ್.

ಮೋಯಿಸ್ ತೊಡೆ ತಟ್ಟಿಕೊಂಡು ನಕ್ಕ. ಹುಡುಗನ ಮುಖ ನೋಡಿ ನಗು ನುಂಗಿಕೊಂಡು ಬಿಡಿಸಿ ಹೇಳಿದ: ಸೆಲ್ಲಿನಲ್ಲಿ ಕಸುವಿಲ್ಲದೆ ತುಂಬಿಸುವಾಗ ಟೇಪು ತೆವಳಿದೆ. ನಿನ್ನ ಯಂತ್ರದಲ್ಲಿ ಅದು ಸರಿಯಾದ ವೇಗಕ್ಕೆ ಸುತ್ತಿದೆ, ಹಾಡು ಓಡಿದೆ, ಶ್ರುತಿಯೂ ಮೇಲೆ ಹತ್ತಿದೆ. ಅಷ್ಟೇ.

ಅಷ್ಟೇ ಅಂತೆ. ಹಾಗಾದರೆ ಎರಡು ವರ್ಷ ತನ್ನ ಕಿವಿಯಲ್ಲಿ ಕೂತು ನುಡಿಸಿದವನು ಯಾರು? ಅಂಥ ತಾತ ಒಬ್ಬ ಇರಲೇ ಇಲ್ಲವೇ? ಯಾರ ಮೇಲೆ ಸಿಟ್ಟು ಮಾಡಬೇಕೋ ಗೊತ್ತಾಗದೆ ಅವನು ಬೆಂಚಿನ ಕಾಲು ಒದ್ದ.

ಆಗ ನೆನಪಾದದ್ದು ಆ ಕೈ.

ಕೊನೆಯ ನಾಲ್ಕು ತಿಂಗಳು ದಿನಾ ಸಂಜೆ, ಅಜ್ಜಿ ಕೊಟ್ಟಿಗೆ ಕೆಲಸಕ್ಕೆ ಹೋದ ಹೊತ್ತಿಗೆ, ತಾತನ ಕುರ್ಚಿಯ ಮುಂದೆ ಕೂತು ಅವನು ಇದೇ ವಾಲ್ಸ್ ನುಡಿಸಿದ್ದ. ತಾತ ನೆಟ್ಟಗಿದ್ದ ಬಲಗೈಯಲ್ಲಿ ಕುರ್ಚಿಯ ಹಿಡಿಯನ್ನು ತಟ್ಟುತ್ತಿದ್ದ, ನಿಧಾನವಾಗಿ, ಎಳೆದೆಳೆದು. ರೋಗದ ಕೈ ಹಿಂದೆ ಬೀಳುತ್ತಿದೆ ಎಂದುಕೊಂಡಿದ್ದ ಡೆಲ್ಟನ್. ಒಂದು ದಿನ ತಡೆಯಲಾರದೆ, "ಸುಮ್ನಿರು ತಾತ, ತಾಳ ಕೆಡಿಸ್ಬೇಡ," ಎಂದು ಆ ಕೈಯನ್ನು ಒತ್ತಿ ಹಿಡಿದಿದ್ದ. ತಾತ ಅವನನ್ನೇ ನೋಡಿದ್ದ. ಬಿಟ್ಟ ಕೂಡಲೇ ಮತ್ತೆ ತಟ್ಟಿದ್ದ, ಅಷ್ಟೇ ನಿಧಾನವಾಗಿ.

ಅಜ್ಜಿ ಬೆಂಚಿನ ಕೆಳಗಿಂದ ಬಟ್ಟೆಯ ಗಂಟು ಎಳೆದು ಬಿಚ್ಚಿದಳು. ತಾತನ ಪೆಟ್ಟಿಗೆ. ಅವನ ವಾಲ್ಸ್ ನಡೆಯುವಾಗ ಅವನ ಹೆಸರಲ್ಲಿ ಒಂದು ಖಾಲಿ ಕುರ್ಚಿಯ ಮೇಲಿಡಲು ತಂದಿದ್ದಳು.

"ತಗೋ ಮಗಾ. ಖಾಲಿ ಕುರ್ಚಿ ಮೇಲಿಟ್ರೆ ಇದು ತಾನಾಗೇ ನುಡಿಯುತ್ತಾ?"

ಗುಂಡಿಗಳ ಜಾಗ ಒಂದೇ, ಬೆರಳಿಗೆ ಗೊತ್ತು ಎಂದ ಮೋಯಿಸ್, ಖುಷಿಯಿಂದ ತಂತಿ ಸಡಿಲ ಬಿಡುತ್ತಾ.

ಬೆರಳಿಗೆ ಗೊತ್ತಿತ್ತು, ಕಿವಿಗೆ ಗೊತ್ತಿರಲಿಲ್ಲ. ಅದೇ ಗುಂಡಿ ಒತ್ತಿದರೆ ಬೇರೆ ಸ್ವರ, ತಗ್ಗಿನದು, ನೆಗಡಿಯಾದವನ ದನಿಯಂಥದ್ದು. ಎರಡನೇ ಸಾಲಿಗೇ ಬೆರಳು ಓಡಲು ನೋಡಿದವು. ಡೆಲ್ಟನ್ ಕಣ್ಣು ಮುಚ್ಚಿ ಆ ಕೈಯನ್ನು ಹುಡುಕಿದ. ಅದು ಬೀಳುವವರೆಗೆ ಕಾದ. ಬಿತ್ತು. ಮತ್ತೆ ಕಾದ. ಹಾಡು ಇಲ್ಲೇ ಸತ್ತುಹೋಗುತ್ತದೆ ಎನಿಸಿ ಕಣ್ಣು ಬಿಟ್ಟ.

ಬೆಂಚು ಖಾಲಿ. ವಾಲ್ಸಿಗೆ ಕೆಲಸವಿಲ್ಲದೆ ನಿಂತಿದ್ದ ಮೇಳದ ತಾಳಗಾರ ಕ್ಲೋವಿಸ್‌ನನ್ನು, ಉಜ್ಜಿ ತಾಳ ಹಾಕಲು ಎದೆಗೆ ಕಟ್ಟಿದ್ದ ಸುಕ್ಕುತಗಡಿನ ಸಮೇತ, ಅಜ್ಜಿ ಎಳೆದುಕೊಂಡು ಹೋಗಿದ್ದಳು. ಹೆಜ್ಜೆಗೊಮ್ಮೆ ಅವಳ ಬಳೆ ತಗಡಿಗೆ ತಾಗಿ ಟಿಣ್ ಎನ್ನುತ್ತಿತ್ತು.

ಹಾಡು ಡೆಲ್ಟನ್‌ನ ಕಿವಿಗೆ ಇನ್ನೂ ತಪ್ಪಾಗಿಯೇ ಕೇಳುತ್ತಿತ್ತು. ಅಜ್ಜಿ ಮಾತ್ರ ಎರಡನೇ ಸುತ್ತು ಹೊರಟಿದ್ದಳು.